ಜ್ಯೂಸು ಹಿಂಡಬೇಕಾ, ಮಿಕ್ಸಿಯಲ್ಲಿ ಅರೆಯಬೇಕಾ, ಹಾಗೇ ತಿನ್ನಬೇಕಾ?

ಏಪ್ರಿಲ್ ಬಂದರೆ ಸಾಕು, ಮಂಗಳೂರು, ಉಡುಪಿ ಕಡೆ ಮನೆಮನೆಯಲ್ಲೂ ಈ ಮಾತು ಏಳುತ್ತದೆ. ಸೆಕೆ ತಡೆಯಲಾಗುವುದಿಲ್ಲ, ಮಕ್ಕಳು ಹಣ್ಣು ಮುಟ್ಟುವುದಿಲ್ಲ, ಅಜ್ಜನಿಗೆ ಹಲ್ಲಿಲ್ಲ, ಒಂದು ಜ್ಯೂಸರ್ ತೆಗೆದುಕೊಂಡರೆ ಹೇಗೆ? ಅಂಗಡಿಯವರು ಕೋಲ್ಡ್ ಪ್ರೆಸ್ ಮೆಷಿನ್ ತೋರಿಸಿ ಹೊಗಳುತ್ತಾರೆ. ಫೋನ್ ತೆರೆದರೆ ಹಸಿರು ಸ್ಮೂದಿಯ ವಿಡಿಯೋ. ಪರಿಚಯದವರೊಬ್ಬರು ಖಾಲಿ ಹೊಟ್ಟೆಗೆ ಬೂದುಗುಂಬಳದ ರಸ ಶುರು ಮಾಡಿದ್ದಾರೆ, ನೀವೂ ಕುಡಿಯಿರಿ ಎನ್ನುತ್ತಾರೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಜಗಿಯಲು ಆಗುವವರು ಹಣ್ಣನ್ನು ಹಣ್ಣಾಗಿಯೇ ತಿನ್ನಿ. ಅದಾಗದಿದ್ದರೆ ಮಿಕ್ಸಿಯಲ್ಲಿ ಅರೆದು, ಸೋಸದೆ ಕುಡಿಯಿರಿ. ರಸ ಹಿಂಡಿ ಹಿಪ್ಪೆ ಎಸೆಯುವುದು ಕೊನೆಯ ಆಯ್ಕೆ. ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಮುಖ್ಯ: ಮಿಕ್ಸಿಯ ನಿಜವಾದ ಉಪಯೋಗ ಹಣ್ಣಿಗಿಂತ ಸೊಪ್ಪು, ತರಕಾರಿಗೆ. ನಾವು ಕಡಿಮೆ ತಿನ್ನುತ್ತಿರುವುದು ಅದನ್ನೇ ಅಲ್ವಾ?

ಹೇಗೆ, ಯಾಕೆ ಎಂದು ಒಂದೊಂದಾಗಿ ನೋಡೋಣ.

ಹೆಜ್ಜೆ 1: ಯಾರಿಗೆ, ಯಾವುದರ ಬದಲಿಗೆ ಎಂದು ಕೇಳಿಕೊಳ್ಳಿ

ಜ್ಯೂಸು ಒಳ್ಳೆಯದಾ ಎಂದು ಸುಮ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಅದು ಯಾವುದರ ಜಾಗಕ್ಕೆ ಬರುತ್ತಿದೆ ಎಂದು ನೋಡಬೇಕು.

ಸಂಜೆ ಬಾಟಲಿಯ ಕೋಲಾ ಕುಡಿಯುವ ಹುಡುಗ ಅದನ್ನು ಬಿಟ್ಟು ಸಕ್ಕರೆ ಹಾಕದ ಕಲ್ಲಂಗಡಿ ಜ್ಯೂಸು ಕುಡಿದರೆ ಲಾಭ. ದಿನಾ ಎರಡು ಪೇರಳೆ ತಿನ್ನುತ್ತಿದ್ದವರು ಅದನ್ನು ಬಿಟ್ಟು ಮುಸುಂಬಿ ಜ್ಯೂಸಿಗೆ ಇಳಿದರೆ ನಷ್ಟ. ಬೆಳಗಿನ ತಿಂಡಿಯನ್ನೇ ಬಿಟ್ಟು ಹಸಿರು ರಸ ಕುಡಿದು ಆಫೀಸಿಗೆ ಓಡಿದರೆ ಹನ್ನೊಂದು ಗಂಟೆಗೆ ಹಸಿವು ತಡೆಯದೆ ಕ್ಯಾಂಟೀನಿನ ಬನ್ಸ್, ಗೋಳಿಬಜೆ ಕಡೆ ಕೈ ಹೋಗುತ್ತದೆ.

ಅರೆದು ಕುಡಿಯುವುದು ನಿಜಕ್ಕೂ ಬೇಕಾದವರಿದ್ದಾರೆ. ಹಲ್ಲಿಲ್ಲದ ಹಿರಿಯರು, ಬಾಯಿಹುಣ್ಣು ಇರುವವರು, ಜ್ವರದಿಂದ ಎದ್ದು ಊಟ ಸೇರದವರು, ತೂಕ ಹೆಚ್ಚಿಸಿಕೊಳ್ಳಬೇಕಾದವರು. ಇಂಥವರಿಗೆ ಬರೀ ಹಣ್ಣಿನ ರಸ ಕೊಟ್ಟರೆ ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಹತ್ತುವುದಿಲ್ಲ. ಹಾಲು, ಮೊಸರು, ಎಳ್ಳು, ಬೇಯಿಸಿದ ಹೆಸರುಬೇಳೆ ಏನಾದರೂ ಸೇರಿಸಿ ಅರೆಯಿರಿ. ನುಂಗುವಾಗ ಕೆಮ್ಮು ಬರುವ ಹಿರಿಯರಿದ್ದರೆ, ಮುಖ್ಯವಾಗಿ ಪಾರ್ಶ್ವವಾಯು ಆದವರಿಗೆ, ನೀರಾದ ಪಾನೀಯ ಶ್ವಾಸಕೋಶಕ್ಕೆ ಇಳಿಯುವ ಭಯ ಇದೆ. ಎಷ್ಟು ದಪ್ಪ ಇರಬೇಕು ಎಂದು ಡಾಕ್ಟರನ್ನು ಕೇಳಿಯೇ ಕೊಡಿ.

ಹೆಜ್ಜೆ 2: ಹಿಂಡುವುದಕ್ಕೂ ಅರೆಯುವುದಕ್ಕೂ ಇರುವ ವ್ಯತ್ಯಾಸ ತಿಳಿಯಿರಿ

ಜ್ಯೂಸರ್ ಹಣ್ಣಿನ ನೀರನ್ನು ಒಂದು ಕಡೆ, ನಾರನ್ನು ಇನ್ನೊಂದು ಕಡೆ ಹಾಕುತ್ತದೆ. ಸಕ್ಕರೆ, ಪೊಟ್ಯಾಸಿಯಂ, ವಿಟಮಿನ್ ಸಿ ಬಹುಪಾಲು ನೀರಿನ ಜೊತೆ ಗ್ಲಾಸಿಗೆ ಬರುತ್ತವೆ. ನಾರು ಹಿಪ್ಪೆಯಲ್ಲಿ ಉಳಿಯುತ್ತದೆ. ಹಾಗಾಗಿ ಜ್ಯೂಸಿನಲ್ಲಿ ಏನೂ ಇಲ್ಲ ಎನ್ನುವುದು ಸರಿಯಲ್ಲ. ಆದರೆ ಹಣ್ಣಿನ ದೊಡ್ಡ ಉಪಕಾರ ಬುಟ್ಟಿಗೆ ಹೋಗುತ್ತದೆ. ಮಿಕ್ಸಿ ಏನನ್ನೂ ಬೇರ್ಪಡಿಸುವುದಿಲ್ಲ. ನಾರು ಸಣ್ಣದಾಗುತ್ತದೆ, ಅಷ್ಟೆ. ಬ್ಲೇಡಿಗೆ ಸಿಕ್ಕಿದರೆ ನಾರು ಸತ್ತುಹೋಗುತ್ತದೆ ಎಂದು ಹೇಳುವವರ ಮಾತು ನಂಬಬೇಡಿ.

ಲೆಕ್ಕ ನೋಡಿ. 250 ಮಿಲಿ ಕಿತ್ತಳೆ ರಸಕ್ಕೆ ಮೂರು ನಾಲ್ಕು ಹಣ್ಣು ಬೇಕು. ಮೇಲಿಂದ ಒಂದು ಚಮಚ ಸಕ್ಕರೆ ಹಾಕದಿದ್ದರೂ ಅದರಲ್ಲಿ ಸುಮಾರು 20 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಐದು ಚಮಚ. ಅಷ್ಟೇ ದ್ರಾಕ್ಷಿ ರಸದಲ್ಲಿ ಸುಮಾರು 35 ಗ್ರಾಂ. ಇದು ಅಷ್ಟೇ ಕೋಲಾದಲ್ಲಿ ಇರುವುದಕ್ಕಿಂತ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಯ ಬಗ್ಗೆ ಮಾರ್ಗಸೂಚಿ ಕೊಟ್ಟಾಗ ಹಣ್ಣಿನ ರಸದ ಸಕ್ಕರೆಯನ್ನೂ ಮೇಲಿಂದ ಹಾಕುವ ಸಕ್ಕರೆಯ ಗುಂಪಿಗೇ ಸೇರಿಸಿತು. ಇಡೀ ಹಣ್ಣಿನೊಳಗಿನ ಸಕ್ಕರೆಯನ್ನು ಸೇರಿಸಲಿಲ್ಲ. ಆ ಗುಂಪಿನ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದು ಅದು ಹೇಳುತ್ತದೆ. ಒಂದು ಗ್ಲಾಸು ಕಿತ್ತಳೆ ರಸಕ್ಕೇ ಅದು ಮುಗಿಯುತ್ತಾ ಬಂತು. ಚಹಾ, ಕಾಫಿಯ ಲೆಕ್ಕ ಇನ್ನೂ ಬಾಕಿ.

ಹೊಟ್ಟೆ ತುಂಬಿದ ಭಾವನೆಯ ಬಗ್ಗೆ ಒಂದು ಹಳೆಯ ಪ್ರಯೋಗ ನನಗೆ ತುಂಬ ಇಷ್ಟ. 1977ರಲ್ಲಿ ಇಂಗ್ಲೆಂಡಿನಲ್ಲಿ ಹತ್ತು ಮಂದಿಗೆ ಸೇಬನ್ನು ಮೂರು ರೀತಿ ಕೊಟ್ಟರು: ಇಡಿಯಾಗಿ, ಅರೆದು, ನಾರಿಲ್ಲದ ರಸವಾಗಿ. ಮೂರರಲ್ಲೂ ಸಕ್ಕರೆ ಅಷ್ಟೇ ಇತ್ತು. ಇಡೀ ಸೇಬು ತಿನ್ನುವುದಕ್ಕಿಂತ ಹನ್ನೊಂದು ಪಟ್ಟು ಬೇಗ ರಸ ಕುಡಿದು ಮುಗಿಸಿದರು. ಹೊಟ್ಟೆ ತುಂಬಿದ್ದು ಇಡೀ ಸೇಬಿನಿಂದ ಜಾಸ್ತಿ, ಅರೆದದ್ದರಿಂದ ಅದಕ್ಕಿಂತ ಕಮ್ಮಿ, ರಸದಿಂದ ಎಲ್ಲಕ್ಕಿಂತ ಕಮ್ಮಿ. ರಸ ಕುಡಿದ ಮೇಲೆ ರಕ್ತದ ಸಕ್ಕರೆ ಏರಿ, ಆಮೇಲೆ ಮೊದಲಿಗಿಂತ ಕೆಳಗೆ ಕುಸಿಯಿತು. ಇಡೀ ಸೇಬು ತಿಂದಾಗ ಹಾಗೆ ಕುಸಿಯಲಿಲ್ಲ.

ಹಾರ್ವರ್ಡ್ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ತುಂಬ ದೊಡ್ಡದು. 1,87,000ಕ್ಕೂ ಹೆಚ್ಚು ಜನರ ಆಹಾರದ ಲೆಕ್ಕ ಅದರಲ್ಲಿತ್ತು. ವಾರಕ್ಕೆ ಮೂರು ಸಲ ಜ್ಯೂಸಿನ ಬದಲು ಇಡೀ ಹಣ್ಣು ತಿನ್ನುವುದಕ್ಕೂ ಮಧುಮೇಹದ ಅಪಾಯ 7% ಕಡಿಮೆ ಇರುವುದಕ್ಕೂ ಸಂಬಂಧ ಕಂಡಿತು. ಇಂಥ ಅಧ್ಯಯನದಿಂದ ಇದೇ ಕಾರಣ ಎಂದು ಖಡಾಖಂಡಿತ ಹೇಳಲು ಬರುವುದಿಲ್ಲ. ಆದರೂ ದಾರಿ ಯಾವ ಕಡೆಗೆ ಎಂದು ತಿಳಿಯುತ್ತದೆ.

ಮಿಕ್ಸಿಯ ಪರವಾಗಿಯೂ ಮಾತಿದೆ. ಸೇಬನ್ನು, ಬೀಜ ಸಮೇತ ಬ್ಲ್ಯಾಕ್‌ಬೆರಿಯನ್ನು ಅರೆದು ಕೊಟ್ಟು ನೋಡಿದ ಸಣ್ಣ ಪ್ರಯೋಗಗಳಲ್ಲಿ ರಕ್ತದ ಸಕ್ಕರೆ ಇಡೀ ಹಣ್ಣಿಗಿಂತ ಮೇಲೇರಲಿಲ್ಲ, ಸ್ವಲ್ಪ ಕಮ್ಮಿಯೇ ಇತ್ತು. ಕ್ಯಾರೆಟ್‌ನ ಕಥೆಯೂ ಹಾಗೆಯೇ. ಹಸಿ ಕ್ಯಾರೆಟ್ ಜಗಿದು ತಿಂದಾಗ ಅದರೊಳಗಿನ ಬೀಟಾ ಕ್ಯಾರೋಟಿನ್ ಪೂರ್ತಿ ಹೊರಬರುವುದಿಲ್ಲ. ಬೇಯಿಸಿ, ಅರೆದು, ಒಂದು ಚಮಚ ತೆಂಗಿನೆಣ್ಣೆ ಅಥವಾ ತುಪ್ಪ ಸೇರಿಸಿದರೆ ಮೈ ಹೆಚ್ಚು ಹೀರಿಕೊಳ್ಳುತ್ತದೆ. ಟೊಮೆಟೊದ ಕೆಂಪು ಬಣ್ಣಕ್ಕೆ ಕಾರಣವಾದ ಲೈಕೋಪೀನ್ ಕೂಡ ಬೇಯಿಸಿದಾಗಲೇ ಚೆನ್ನಾಗಿ ಸಿಗುವುದು. ಎಲ್ಲವನ್ನೂ ಹಸಿಯಾಗಿಯೇ ಕುಡಿಯಬೇಕು ಎಂಬ ಹಟಕ್ಕೆ ಅರ್ಥವಿಲ್ಲ.

ಹೆಜ್ಜೆ 3: ಇರುವ ಮಿಕ್ಸಿಯನ್ನೇ ಬಳಸಿ

ಚಟ್ನಿ, ಮಸಾಲೆ ಅರೆಯುವ ಮಿಕ್ಸಿ ಸಾಕು. ಅದರ ಜೊತೆ ಬಂದ ಜ್ಯೂಸರ್ ಜಾರಿನ ನಡುವೆ ಒಂದು ಜಾಲರಿ ಇರುತ್ತದೆ ಅಲ್ವಾ? ಅದನ್ನು ತೆಗೆದು ಬದಿಗಿಡಿ. ನಾರು ನಿಲ್ಲುವುದೇ ಅಲ್ಲಿ.

ಕೋಲ್ಡ್ ಪ್ರೆಸ್ ಮೆಷಿನ್ ನಿಧಾನ ತಿರುಗುತ್ತದೆ, ರಸ ಜಾಸ್ತಿ ಬರುತ್ತದೆ, ನೊರೆ ಕಮ್ಮಿ. ಅದು ನಿಜ. ಬೇರೆ ಯಂತ್ರದ ಬಿಸಿಗೆ ಪೌಷ್ಟಿಕಾಂಶ ನಾಶವಾಗುತ್ತದೆ ಎಂಬ ಮಾತಿಗೆ ಅಷ್ಟು ತೂಕವಿಲ್ಲ. ಅರ್ಧ ನಿಮಿಷದಲ್ಲಿ ಹಣ್ಣು ಅಷ್ಟೇನೂ ಬಿಸಿಯಾಗುವುದಿಲ್ಲ. ಎಷ್ಟು ದುಬಾರಿ ಮೆಷಿನ್ ಆದರೂ ನಾರನ್ನು ಹೊರಗೆ ಹಾಕುವುದೇ ಅದರ ಕೆಲಸ. ಆ ದುಡ್ಡಿಗೆ ವರ್ಷಪೂರ್ತಿ ಹಣ್ಣು ತರಬಹುದು.

ಹೆಜ್ಜೆ 4: ಹಣ್ಣು ನೋಡಿ ತೀರ್ಮಾನ ಮಾಡಿ

ಎಲ್ಲ ಹಣ್ಣಿಗೂ ಒಂದೇ ನಿಯಮವಿಲ್ಲ. ಸೆಂಟ್ರಲ್ ಮಾರ್ಕೆಟ್, ಉರ್ವ ಮಾರ್ಕೆಟ್ ಅಥವಾ ಆದಿ ಉಡುಪಿ ಸಂತೆಯಿಂದ ಚೀಲ ತುಂಬಿ ತಂದ ಮೇಲೆ ಹೀಗೆ ಬೇರೆ ಮಾಡಿಕೊಳ್ಳಿ.

ಪೇರಳೆ ಹಿಂಡಬೇಡಿ. 100 ಗ್ರಾಂ ಪೇರಳೆಯಲ್ಲಿ ಸುಮಾರು 5 ಗ್ರಾಂ ನಾರಿದೆ. ದಿನಕ್ಕೆ ನಮಗೆ ಬೇಕಾದದ್ದು ಸುಮಾರು 30 ಗ್ರಾಂ. ವಿಟಮಿನ್ ಸಿ ಲೆಕ್ಕದಲ್ಲಿ ಪೇರಳೆ ಕಿತ್ತಳೆಯ ನಾಲ್ಕು ಪಟ್ಟು. ಹಿತ್ತಲಲ್ಲಿ ಉದುರಿ ಬೀಳುವ ಇಂಥ ಹಣ್ಣನ್ನು ಬಿಟ್ಟು ದೂರದಿಂದ ಬಂದ ಮೇಣ ಹಚ್ಚಿದ ಸೇಬಿನ ಜ್ಯೂಸು ಮಾಡುವುದು ಕಂಡರೆ ನನಗೆ ಬೇಸರವಾಗುತ್ತದೆ. ಹಲ್ಲಿಲ್ಲದವರಿಗೆ ಕೊಡುವುದಾದರೆ ಸಿಪ್ಪೆ ಸಮೇತ ಅರೆಯಿರಿ. ಬೀಜ ಬಾಯಿಗೆ ಸಿಗುತ್ತದೆ ಎಂದಾದರೆ ದೊಡ್ಡ ಕಣ್ಣಿನ ಜರಡಿಯಲ್ಲಿ ಸೌಟಿನಿಂದ ತಿಕ್ಕಿ ಇಳಿಸಿ. ಬೀಜ ಮಾತ್ರ ನಿಲ್ಲುತ್ತದೆ, ತಿರುಳು ಇಳಿಯುತ್ತದೆ. ಬಟ್ಟೆಯಲ್ಲಿ ಹಿಂಡಿದರೆ ತಿರುಳೂ ಹೋಯಿತು.

ಚಿಕ್ಕು ಕೂಡ ನಾರಿನ ಹಣ್ಣೇ. ಅದನ್ನು ಅರೆಯುವುದೊಂದೇ ದಾರಿಯಾದ್ದರಿಂದ ನಾರು ಉಳಿಯುತ್ತದೆ. ಅದರದ್ದೇ ಸಿಹಿ ಬೇಕಾದಷ್ಟಿದೆ. ಸಕ್ಕರೆ, ಐಸ್‌ಕ್ರೀಮ್ ಯಾಕೆ?

ಕಲ್ಲಂಗಡಿಗೆ ಇಷ್ಟು ತಲೆಬಿಸಿ ಬೇಡ. ಅದರಲ್ಲಿ 90%ಕ್ಕಿಂತ ಹೆಚ್ಚು ನೀರು. ನಾರು 100 ಗ್ರಾಮಿಗೆ ಅರ್ಧ ಗ್ರಾಂ ಕೂಡ ಇಲ್ಲ. ಹಾಗಾಗಿ ಜ್ಯೂಸು ಮಾಡಿದರೂ ಕಳೆದುಕೊಳ್ಳುವುದು ಕಡಿಮೆ. ಬೀಜ ನುಣ್ಣಗಾದರೆ ರುಚಿ ಕೆಡುತ್ತದೆ, ಎರಡು ಮೂರು ಸಲ ತಿರುಗಿಸಿ ನಿಲ್ಲಿಸಿ.

ಕಿತ್ತಳೆ, ಮುಸುಂಬಿ ಬಿಡಿಸಿ ತಿನ್ನಲು ಎಷ್ಟು ಹೊತ್ತು ಬೇಕು? ತೊಳೆಯ ತೆಳು ಪೊರೆಯಲ್ಲಿಯೇ ನಾರಿದೆ. ಮಾವು ಬಂದ ತಿಂಗಳಲ್ಲಿ ಮುಂಡಪ್ಪವನ್ನು ಕತ್ತರಿಸಿ ತಿನ್ನಿ. ಅದನ್ನು ಹಾಲು, ಸಕ್ಕರೆ ಹಾಕಿ ಶೇಕ್ ಮಾಡಿದರೆ ಅದು ಸಿಹಿತಿಂಡಿ, ಹಣ್ಣಿನ ಲೆಕ್ಕಕ್ಕೆ ಹಿಡಿಯಬೇಡಿ. ಹಬ್ಬದ ದಿನ ತಿನ್ನಬಾರದು ಎಂದಲ್ಲ.

ಅನಾನಸು, ಹಸಿ ಪಪ್ಪಾಯಿಯನ್ನು ಹಾಲಿನ ಜೊತೆ ಅರೆದಿಟ್ಟರೆ ಕಹಿಯಾಗುತ್ತದೆ. ಅವುಗಳ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುವುದೇ ಕಾರಣ. ವಿಷವಲ್ಲ, ರುಚಿ ಕೆಡುತ್ತದೆ ಅಷ್ಟೆ. ಪಪ್ಪಾಯಿ ಚೆನ್ನಾಗಿ ಹಣ್ಣಾದ ಮೇಲೆ ಲಿಂಬೆ ಹುಳಿ, ಚಿಟಿಕೆ ಉಪ್ಪು ಹಾಕಿ ನೀರಲ್ಲೇ ಅರೆಯಿರಿ.

ಹೆಜ್ಜೆ 5: ಮಾಡುವ ಕ್ರಮ

ಹಣ್ಣನ್ನು ಕತ್ತರಿಸುವ ಮೊದಲು ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ಸಿಪ್ಪೆ ತೆಗೆಯುವ ಹಣ್ಣನ್ನೂ ತೊಳೆಯಬೇಕು, ಸಿಪ್ಪೆಯ ಕೊಳೆ ಚೂರಿಯ ಮೂಲಕ ಒಳಗೆ ಹೋಗುತ್ತದೆ. ಸೋಪು ಬೇಡ. ಹಿತ್ತಲಿನ ಹಣ್ಣಾದರೆ ಬಾವಲಿ ಕಚ್ಚಿದ್ದು, ಹಕ್ಕಿ ಕುಕ್ಕಿದ್ದು ಬದಿಗೆ ಹಾಕಿ. ಆ ಭಾಗ ಮಾತ್ರ ಕತ್ತರಿಸಿ ತೆಗೆದರೆ ಸಾಲದು. 2018ರಲ್ಲಿ ಪಕ್ಕದ ಕೋಝಿಕ್ಕೋಡಿನಲ್ಲಿ ನಿಪಾ ಬಂದ ಮೇಲೆ ಈ ಎಚ್ಚರಿಕೆಯನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ.

ಒಬ್ಬರಿಗೆ ಒಂದು ಕಪ್ಪಿನಷ್ಟು ಹಣ್ಣಿನ ಹೋಳು ಸಾಕು. ಇಡಿಯಾಗಿ ಕೊಟ್ಟರೆ ಎಷ್ಟು ತಿನ್ನುತ್ತಿದ್ದಿರೋ ಅಷ್ಟೇ ಜಾರಿಗೆ ಹಾಕಿ, ಇದು ನೆನಪಿಡಲು ಸುಲಭದ ಅಳತೆ. ದಿನಕ್ಕೆ 100 ಗ್ರಾಂ ಹಣ್ಣು, 400 ಗ್ರಾಂ ತರಕಾರಿ ತಿನ್ನಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುತ್ತದೆ. ಒಂದು ದೊಡ್ಡ ಗ್ಲಾಸು ಜ್ಯೂಸಿಗೆ ಅದರ ಮೂರು ನಾಲ್ಕು ಪಟ್ಟು ಹಣ್ಣು ಬಿದ್ದಿರುತ್ತದೆ, ತರಕಾರಿ ಮಾತ್ರ ಒಂದು ಚೂರೂ ಇರುವುದಿಲ್ಲ.

ಮೊದಲು ಅರ್ಧ ಲೋಟ ನೀರು, ಮಜ್ಜಿಗೆ ಅಥವಾ ತೆಂಗಿನಹಾಲು ಹಾಕಿ. ಮೇಲೆ ಮೆತ್ತಗಿನ ಹಣ್ಣು, ಕೊನೆಗೆ ಗಟ್ಟಿ ತುಂಡು. ಹೀಗೆ ಹಾಕಿದರೆ ಬ್ಲೇಡು ಸಿಕ್ಕಿಹಾಕಿಕೊಳ್ಳುವುದಿಲ್ಲ. ನೆನೆಸಿದ ಕಾಮಕಸ್ತೂರಿ ಬೀಜ ಒಂದು ಚಮಚ ಆಮೇಲೆ ಬೆರೆಸಿದರೆ ಒಳ್ಳೆಯದೇ. ಸಕ್ಕರೆ ಬೇಡ. ಸಪ್ಪೆ ಎನಿಸಿದರೆ ಏಲಕ್ಕಿ, ಶುಂಠಿ, ಲಿಂಬೆ. ಮನೆಯಲ್ಲಿ ಎಲ್ಲರಿಗೂ ಸಿಹಿಯ ಅಭ್ಯಾಸ ಇದ್ದರೆ ಒಂದೇ ದಿನ ಪೂರ್ತಿ ಬಿಡಿಸಲು ಹೋಗಬೇಡಿ, ವಾರಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ.

ಅರೆದ ಕೂಡಲೇ ಕುಡಿಯಿರಿ. ಗಾಳಿ ತಾಗಿದಷ್ಟೂ ವಿಟಮಿನ್ ಸಿ ಕಡಿಮೆಯಾಗುತ್ತದೆ, ನಮ್ಮ ಸೆಕೆಗೆ ಹೊರಗಿಟ್ಟ ಜ್ಯೂಸು ಬೇಗ ಹುಳಿಯುತ್ತದೆ. ಫ್ರಿಜ್ಜಿನಲ್ಲಿಟ್ಟರೂ ಅದೇ ದಿನ ಮುಗಿಸಿ. ಹುಳಿ ಹಣ್ಣಿನ ಜ್ಯೂಸು ಹಲ್ಲಿನ ಮೇಲ್ಪದರವನ್ನು ಮೆದುವಾಗಿಸುತ್ತದೆ. ಗಂಟೆಗಟ್ಟಲೆ ಗುಟುಕರಿಸುತ್ತಾ ಕೂರಬೇಡಿ, ಕುಡಿದ ತಕ್ಷಣ ಹಲ್ಲುಜ್ಜಲೂ ಬೇಡಿ. ನೀರಿನಿಂದ ಬಾಯಿ ಮುಕ್ಕಳಿಸಿದರೆ ಸಾಕು.

ಹೆಜ್ಜೆ 6: ಮಿಕ್ಸಿಯನ್ನು ಸೊಪ್ಪು, ತರಕಾರಿಗೆ ತಿರುಗಿಸಿ

ಹಸಿರು ಸ್ಮೂದಿ ಎಂದು ಈಗ ದೊಡ್ಡ ಸುದ್ದಿ. ಹಸಿ ಎಲೆಯನ್ನು ಅರೆದು, ಸೋಸದೆ, ಮಜ್ಜಿಗೆಯ ಜೊತೆ ಕುಡಿಯುವುದನ್ನು ಕರಾವಳಿಯ ಅಜ್ಜಿಯಂದಿರು ಕಡೆಯುವ ಕಲ್ಲಿನ ಕಾಲದಿಂದ ಮಾಡುತ್ತಾ ಬಂದಿದ್ದಾರೆ. ತಂಬುಳಿ ಅದೇ ಅಲ್ವಾ? ಅದರಲ್ಲಿ ಸಕ್ಕರೆ ಇಲ್ಲ. ನಾರು ಪೂರ್ತಿ ಇದೆ. ಎಲೆಯೊಳಗಿನ ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳಿಗೆ ತೆಂಗಿನಕಾಯಿಯ ಕೊಬ್ಬು ಸಿಗುತ್ತದೆ, ಮಜ್ಜಿಗೆಯಿಂದ ಪ್ರೋಟೀನ್, ಕ್ಯಾಲ್ಸಿಯಂ. ಅದೂ ಅನ್ನದ ಜೊತೆ ಊಟದಲ್ಲೇ ಬರುವುದರಿಂದ ಬೇರೆ ಹೊತ್ತು ಹುಡುಕಬೇಕಾಗಿಲ್ಲ. ಯಾವ ಜ್ಯೂಸ್ ಬಾರಿನ ಹಸಿರು ಗ್ಲಾಸೂ ನನ್ನ ಕಣ್ಣಿಗೆ ಇದಕ್ಕಿಂತ ಮೇಲೆ ನಿಲ್ಲುವುದಿಲ್ಲ.

ಒಂದೆಲಗದ ತಂಬುಳಿ ಹೀಗೆ: ಒಂದು ಮುಷ್ಟಿ ಒಂದೆಲಗವನ್ನು ಬೇರಿನ ಮಣ್ಣು ಹೋಗುವ ಹಾಗೆ ಮೂರು ನಾಲ್ಕು ನೀರಿನಲ್ಲಿ ತೊಳೆಯಿರಿ. ಗದ್ದೆ ಬದಿ, ತೋಡಿನ ಪಕ್ಕ ಬೆಳೆದದ್ದಾದರೆ ಇನ್ನೂ ಜಾಗ್ರತೆ. ಕೊಳಚೆ ನೀರು ಹರಿಯುವ ಕಡೆಯದು ಹಸಿ ಬಳಸಲೇಬೇಡಿ. ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಹುರಿಯಿರಿ. ಕಾಲು ಕಪ್ಪು ತೆಂಗಿನತುರಿ, ಎಲೆ, ಸ್ವಲ್ಪ ಮಜ್ಜಿಗೆ ಸೇರಿಸಿ ನುಣ್ಣಗೆ ಅರೆಯಿರಿ. ಉಳಿದ ಮಜ್ಜಿಗೆ, ಉಪ್ಪು ಬೆರೆಸಿ, ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಡಿ. ಮೊದಲ ಅನ್ನಕ್ಕೆ ಇದನ್ನು ಹಾಕಿಕೊಳ್ಳಿ, ಉಳಿದರೆ ಲೋಟಕ್ಕೆ ಹಾಕಿ ಕುಡಿಯಿರಿ.

ಇದೇ ಕ್ರಮಕ್ಕೆ ದೊಡ್ಡಪತ್ರೆ, ಪೇರಳೆಯ ಕುಡಿ, ನೆಲ್ಲಿಕಾಯಿ, ಮೆಂತೆ ಎಲ್ಲ ಬರುತ್ತವೆ. ದೊಡ್ಡಪತ್ರೆ, ಪೇರಳೆ ಕುಡಿಯನ್ನು ತುಪ್ಪದಲ್ಲಿ ಬಾಡಿಸಿಕೊಂಡರೆ ಒಗರು ಕಡಿಮೆಯಾಗುತ್ತದೆ. ವಾರದಲ್ಲಿ ಒಂದೊಂದು ದಿನ ಒಂದೊಂದು ಎಲೆ ಬಳಸಿದರೆ ಬೇಸರವೂ ಬರುವುದಿಲ್ಲ, ಒಂದೇ ಎಲೆ ಅತಿಯೂ ಆಗುವುದಿಲ್ಲ.

ಮಕ್ಕಳು ಸೊಪ್ಪು ಮುಟ್ಟದಿದ್ದರೆ ಹರಿವೆಯನ್ನು ಬೇಯಿಸಿ ಅರೆದು ದೋಸೆ ಹಿಟ್ಟಿಗೆ ಸೇರಿಸಿ. ಹೀರೆಕಾಯಿಯ ಸಿಪ್ಪೆ ಎಸೆಯದೆ ಹುರಿದು ಚಟ್ನಿ ಮಾಡಿ. ಮಳೆಗಾಲದಲ್ಲಿ ಕ್ಯಾರೆಟ್, ಟೊಮೆಟೊ, ಸಿಹಿಗುಂಬಳ ಬೇಯಿಸಿ ಅರೆದು ಸೂಪು. ಮುಳ್ಳುಸೌತೆಯನ್ನು ಸಿಪ್ಪೆ ಸಮೇತ ಮಜ್ಜಿಗೆ, ಶುಂಠಿ ಹಾಕಿ ಅರೆದರೆ ಬೇಸಿಗೆಯ ಮಧ್ಯಾಹ್ನಕ್ಕೆ ಬೇರೇನೂ ಬೇಡ. ಇವು ಯಾವುದಕ್ಕೂ ಹಣ್ಣಿನ ಸಿಹಿ ಬೇಕಿಲ್ಲ. ಅಂಗಡಿಯ ಹಸಿರು ಜ್ಯೂಸಿಗೆ ಸೇಬು, ಅನಾನಸು ಸುರಿಯುವುದು ಕಹಿ ಮರೆಯಾಗಲಿ ಎಂದು. ಅಲ್ಲಿಗೆ ಅದು ಮತ್ತೆ ಹಣ್ಣಿನ ರಸವೇ ಆಯಿತು.

ದೇಹದ ಕಲ್ಮಶ ತೊಳೆಯಲು ಮೂರು ದಿನ ಬರೀ ರಸ ಕುಡಿಯಿರಿ ಎಂದು ಯಾರಾದರೂ ಹೇಳಿದರೆ ಬೇಡ ಎನ್ನಿ. ಆ ಕೆಲಸ ಯಕೃತ್ತು, ಮೂತ್ರಪಿಂಡ ದಿನವೂ ಮಾಡುತ್ತಿವೆ. ಆ ಮೂರು ದಿನದಲ್ಲಿ ಇಳಿದ ತೂಕದ ಬಹುಪಾಲು ನೀರು, ಊಟಕ್ಕೆ ಮರಳಿದ ಕೂಡಲೇ ವಾಪಸು ಬರುತ್ತದೆ.

ಹೆಜ್ಜೆ 7: ಈ ರಸಗಳ ವಿಷಯದಲ್ಲಿ ತಮಾಷೆ ಬೇಡ

ಇದನ್ನು ದಯವಿಟ್ಟು ಪೂರ್ತಿ ಓದಿ. ಊಟದಲ್ಲಿ ಸ್ವಲ್ಪ ತಿಂದರೆ ಏನೂ ಮಾಡದ ಕೆಲವು ಕಾಯಿಗಳು, ಗ್ಲಾಸುಗಟ್ಟಲೆ ರಸವಾಗಿ ಒಳಗೆ ಹೋದರೆ ಆಸ್ಪತ್ರೆ ಸೇರಿಸುತ್ತವೆ.

ಬಿಂಬುಳಿ ಎಂಬ ಹುಳಿಕಾಯಿ. ನಮ್ಮ ಕಡೆ ಅಂಗಳದಲ್ಲೇ ಮರ ಇರುತ್ತದೆ. ಮೀನಿನ ಸಾರಿಗೆ ನಾಲ್ಕು ಹಾಕುತ್ತೇವೆ, ಉಪ್ಪಿನಕಾಯಿ ಹಾಕುತ್ತೇವೆ. ಕೊಲೆಸ್ಟರಾಲ್ ಇಳಿಯುತ್ತದೆ ಎಂದು ಕೇರಳದಲ್ಲಿ ಇದರ ರಸ ಕುಡಿದ ಹತ್ತು ಮಂದಿಗೆ ಇದ್ದಕ್ಕಿದ್ದಂತೆ ಮೂತ್ರಪಿಂಡ ಕೈಕೊಟ್ಟ ವರದಿಯನ್ನು ಅಲ್ಲಿನ ವೈದ್ಯರು 2013ರಲ್ಲಿ ಪ್ರಕಟಿಸಿದರು. ಬಿಂಬುಳಿಯ ರಸದಲ್ಲಿ ಆಕ್ಸಲೇಟ್ ವಿಪರೀತ. ಅದು ಹರಳಾಗಿ ಮೂತ್ರಪಿಂಡದಲ್ಲಿ ಕೂರುತ್ತದೆ. ಸಾರಿಗೆ ಹಾಕಿ, ರಸ ಮಾಡಬೇಡಿ.

ದಾರೆಹುಳಿ, ಅಂದರೆ ಸ್ಟಾರ್ ಫ್ರೂಟ್, ಇದರ ಹತ್ತಿರದ ನೆಂಟ. ಮೂತ್ರಪಿಂಡದ ತೊಂದರೆ ಇರುವವರಿಗೆ ಇದು ಹಣ್ಣಾಗಿಯೂ ಬೇಡ, ರಸವಾಗಿಯೂ ಬೇಡ. ಅದರೊಳಗಿನ ಒಂದು ವಿಷಾಂಶ ಅವರ ಮೈಯಿಂದ ಹೊರಹೋಗದೆ ಮೆದುಳಿಗೆ ಏರುತ್ತದೆ. ಬಿಡದ ಬಿಕ್ಕಳಿಕೆ, ಗೊಂದಲ, ಅಪಸ್ಮಾರ, ಕೆಲವೊಮ್ಮೆ ಸಾವು.

ಸೋರೆಕಾಯಿ. ರಸ ತೆಗೆಯುವ ಮೊದಲು ಒಂದು ಸಣ್ಣ ತುಂಡು ನಾಲಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಕಹಿ ಸೋರೆಯ ರಸದಿಂದ ನಮ್ಮ ದೇಶದಲ್ಲಿ ಸಾವುಗಳಾಗಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿಯನ್ನೇ ಮಾಡಬೇಕಾಯಿತು. ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಿಷ. ಬೇರೆ ರಸದ ಜೊತೆ ಬೆರೆಸಿದರೆ ಕಹಿ ತಿಳಿಯುವುದಿಲ್ಲ, ಆದ್ದರಿಂದ ಬೆರೆಸಬೇಡಿ. ಕಹಿಯೇ ಔಷಧಿ ಎಂದು ಕಣ್ಣುಮುಚ್ಚಿ ಕುಡಿಯುವುದು ಇಲ್ಲಿ ಜೀವಕ್ಕೇ ಅಪಾಯ. ಕುಡಿದ ಮೇಲೆ ವಾಂತಿ, ಭೇದಿ, ಹೊಟ್ಟೆನೋವು ಬಂದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಓಡಿ.

ಪಾಲಕ್, ಹರಿವೆ, ಬಸಳೆ, ಬೀಟ್‌ರೂಟ್‌ನಲ್ಲೂ ಆಕ್ಸಲೇಟ್ ಇದೆ. ಬಸಳೆ ಗಸಿ, ಹರಿವೆ ಪಲ್ಯ ಧಾರಾಳ ಉಣ್ಣಿ. ದಿನಾ ಕಟ್ಟುಗಟ್ಟಲೆ ಹಸಿ ಎಲೆಯ ರಸ ಕುಡಿಯುವುದು ಬೇರೆ ಮಾತು. ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದವರು ಅದನ್ನು ಬಿಟ್ಟೇಬಿಡಿ. ಎಲೆ ಬೇಯಿಸಿ ನೀರು ಚೆಲ್ಲಿದರೆ ಆಕ್ಸಲೇಟ್ ಸಾಕಷ್ಟು ಇಳಿಯುತ್ತದೆ.

ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೆರಡು ಮಾತು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವವರು ಒಮ್ಮೆಲೇ ಸೊಪ್ಪಿನ ಪ್ರಮಾಣ ಹೆಚ್ಚಿಸಿದರೆ ಅದರ ವಿಟಮಿನ್ ಕೆ ಮಾತ್ರೆಯ ಕೆಲಸ ಕಡಿಮೆ ಮಾಡುತ್ತದೆ. ಕೊಲೆಸ್ಟರಾಲ್, ಬಿಪಿಯ ಕೆಲವು ಮಾತ್ರೆಗಳಿಗೆ ಚಕ್ಕೋತ ಆಗಿಬರುವುದಿಲ್ಲ, ಡಾಕ್ಟರನ್ನು ಕೇಳಿ ತಿನ್ನಿ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಎಳನೀರು, ಜ್ಯೂಸು ಎರಡರ ಪೊಟ್ಯಾಸಿಯಂ ಕೂಡ ಹೊರೆ.

ಹೆಜ್ಜೆ 8: ಮಕ್ಕಳಿಗೆ, ಸಕ್ಕರೆ ಕಾಯಿಲೆಯವರಿಗೆ

ಒಂದು ವರ್ಷದ ಒಳಗಿನ ಮಗುವಿಗೆ ಜ್ಯೂಸು ಬೇಡ. ಅಮೆರಿಕದ ಮಕ್ಕಳ ವೈದ್ಯರ ಸಂಘ 2017ರಲ್ಲಿ ಹೇಳಿದ ಮಿತಿ ಹೀಗಿದೆ: ಒಂದರಿಂದ ಮೂರು ವರ್ಷದವರೆಗೆ ದಿನಕ್ಕೆ ಹೆಚ್ಚೆಂದರೆ 120 ಮಿಲಿ, ಆರು ವರ್ಷದವರೆಗೆ 180 ಮಿಲಿ, ಅದರ ಮೇಲೆ 240 ಮಿಲಿ. ಇದು ಮೇಲಿನ ಮಿತಿ, ಇಷ್ಟು ಕೊಡಲೇಬೇಕು ಎಂದಲ್ಲ. ಆರೇಳು ತಿಂಗಳ ಮಗುವಿಗೆ ಬಾಳೆಹಣ್ಣು, ಪಪ್ಪಾಯಿಯನ್ನು ಕೈಯಲ್ಲಿ ಕಿವುಚಿ ಕೊಡಿ. ದೊಡ್ಡ ಮಕ್ಕಳ ಬಾಟಲಿಗೆ ಜ್ಯೂಸು ತುಂಬಿ ಶಾಲೆಗೆ ಕಳಿಸಬೇಡಿ, ನೀರು ಕಳಿಸಿ.

ಸಕ್ಕರೆ ಕಾಯಿಲೆ ಇರುವವರಿಗೆ ದಿನನಿತ್ಯದ ಜ್ಯೂಸು ಆಗದು, ಹಾಗಲಕಾಯಿ ರಸ ಕುಡಿಯುತ್ತೇನೆ ಎಂದು ಮಾತ್ರೆ ಬಿಡುವುದಂತೂ ಆಗಲೇ ಆಗದು. ಆದರೆ ಜ್ಯೂಸೇ ಮದ್ದಾಗುವ ಒಂದು ಹೊತ್ತಿದೆ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು ಊಟ ತಡವಾಗಿ, ಕೈ ನಡುಗಿ, ಬೆವರಿ, ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿದಾಗ ಅರ್ಧ ಲೋಟ, ಅಂದರೆ 120 ಮಿಲಿಯಷ್ಟು ಹಣ್ಣಿನ ರಸ ಕೊಡಿ. ರಸ ಇಲ್ಲದಿದ್ದರೆ ಮೂರು ಚಮಚ ಸಕ್ಕರೆ ಕರಗಿಸಿದ ನೀರು. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ನಾರಿಲ್ಲದೆ ಬೇಗ ರಕ್ತಕ್ಕೆ ಸೇರುವ ಅದೇ ಗುಣ ಇಲ್ಲಿ ಉಪಕಾರಕ್ಕೆ ಬರುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಆಂಬುಲೆನ್ಸ್ ಕರೆಯಿರಿ.

ಹೆಜ್ಜೆ 9: ಹೊರಗೆ ಕುಡಿಯುವಾಗ

ಪೇಟೆಗೆ ಹೋದಾಗ ಬಾಯಾರಿಕೆಗೆ ಮೊದಲ ಆಯ್ಕೆ ಬೊಂಡ, ಅಂದರೆ ಎಳನೀರು. ನಿಮ್ಮೆದುರೇ ಕೆತ್ತುತ್ತಾರೆ, ನೀರು, ಐಸಿನ ಚಿಂತೆಯಿಲ್ಲ, ಸಿಹಿ ಹಣ್ಣಿನ ರಸಕ್ಕಿಂತ ತುಂಬ ಕಡಿಮೆ. ಒಳಗೆ ಗಂಜಿ (ಎಳೆ ತಿರುಳು) ಇದ್ದರೆ ಕೆತ್ತಿಸಿಕೊಂಡು ತಿನ್ನಿ. ಪುನರ್ಪುಳಿ (ಕೋಕಂ) ಶರಬತ್ತಿಗೆ ಎಷ್ಟು ಸಕ್ಕರೆ ಬಿದ್ದಿದೆ ಎಂದು ಕೇಳಿ. ಮನೆಯಲ್ಲಾದರೆ ಒಣಸಿಪ್ಪೆ ನೆನೆಸಿ, ಉಪ್ಪು, ಜೀರಿಗೆ ಹಾಕಿ, ನೆಪಕ್ಕೆ ಒಂದು ಚೂರು ಬೆಲ್ಲ ಸೇರಿಸಿದರೆ ಸಾಕಾಗುತ್ತದೆ.

ಜ್ಯೂಸ್ ಅಂಗಡಿಯಲ್ಲಿ ಕೂರುವ ಮೊದಲು ಜಾರು ತೊಳೆಯುವ ನೀರು, ಹಣ್ಣು ಕತ್ತರಿಸುವ ಹಲಗೆ ಕಡೆ ಒಮ್ಮೆ ನೋಡಿ. ಮೊದಲೇ ಕತ್ತರಿಸಿಟ್ಟ ಹಣ್ಣಾದರೆ ಬೇಡ. ಹೊರಗಿನ ಐಸು ಯಾವ ನೀರಿನದ್ದೋ ಗೊತ್ತಾಗುವುದಿಲ್ಲ. ಕಾಮಾಲೆ, ಟೈಫಾಯ್ಡ್ ಬರುವುದು ಹೆಚ್ಚಾಗಿ ಇಂಥ ದಾರಿಯಿಂದಲೇ. ಗರ್ಭಿಣಿಯರು ಹೊರಗಿನ ಹಸಿ ಜ್ಯೂಸು ಬಿಡುವುದೇ ಕ್ಷೇಮ.

ಹೇಳುವ ಮೂರು ಮಾತು ರೂಢಿ ಮಾಡಿಕೊಳ್ಳಿ: ಸಕ್ಕರೆ ಹಾಕಬೇಡಿ, ಐಸು ಹಾಕಬೇಡಿ, ಸೋಸಬೇಡಿ. ಅರೆಯುವ ಮುಂಚೆಯೇ ಹೇಳಬೇಕು, ಸಕ್ಕರೆ ಪಾಕ ಜಾರಿಗೆ ಬೀಳುವುದು ಹಣ್ಣಿನ ಜೊತೆಯಲ್ಲೇ. ಗ್ಲಾಸು ದೊಡ್ಡದಿದ್ದರೆ ಬೈ ಟೂ ಎನ್ನಿ. ಕಾಫಿ ಕೊಡುವ ಹಾಗೆ ಜ್ಯೂಸನ್ನೂ ಎರಡು ಲೋಟಕ್ಕೆ ಹಂಚಿಕೊಡುತ್ತಾರೆ, ಕೇಳಲು ಸಂಕೋಚ ಬೇಡ.